ಅಮೀರ್ ಅಲಿಯ ಬಲಗಾಲು

ನನಗೆ ಸಿಟ್ಟು ಬೇಗ ಬರುತ್ತದೆ. ಅದು ಊರಿಗೆಲ್ಲ ಗೊತ್ತಿರುವ ವಿಷಯ, ಮುಚ್ಚಿಟ್ಟು ಪ್ರಯೋಜನವಿಲ್ಲ. ನನ್ನ ಹೆಸರು ಭಗವಂತ. ಶಹಾಬಾದಿನ ಗೊಲ್ಲಾಳಪ್ಪ ಮಾಸ್ತರರ ಬ್ಯಾಂಡಿನಲ್ಲಿ ದೊಡ್ಡ ಡೋಲು ಬಾರಿಸುತ್ತೇನೆ. ಆ ಡೋಲು ಇರದಿದ್ದರೆ ನಾನು ಇಷ್ಟರಲ್ಲಿ ಯಾರನ್ನಾದರೂ ಬಾರಿಸಿ ಜೈಲಿಗೆ ಹೋಗಿರುತ್ತಿದ್ದೆ ಎಂದು ನನ್ನ ಹೆಂಡತಿ ಅನಸುಬಾಯಿ ಹೇಳುತ್ತಾಳೆ. ಇರಬಹುದು. ಆದರೆ ಅಮೀರ್ ಅಲಿಯನ್ನು ನೋಡಿ ಜನ ನಕ್ಕಾಗ ಬಂದ ಸಿಟ್ಟು ಮಾತ್ರ ನ್ಯಾಯವಾದದ್ದು ಎಂದು ಇವತ್ತಿಗೂ ವಾದಿಸುತ್ತೇನೆ.

ಅಮೀರ್ ಅಲಿ ಚಿತ್ತಾಪುರದವನು. ಅವನ ಹತ್ತಿರ ಒಂದು ಕಪ್ಪು ಶೆವರ್ಲೆಟ್ ಕಾರಿತ್ತು, ಮೂವತ್ತೆಂಟನೇ ಇಸವಿಯ ಮಾಡೆಲ್ಲು. ನಿಜಾಮರ ಕಾಲದಲ್ಲಿ ಅದು ಒಬ್ಬ ಜಾಗೀರದಾರರ ಕಾರಾಗಿತ್ತು. ಅವರು ಊರು ಬಿಟ್ಟು ಹೈದರಾಬಾದಿಗೆ ಹೋಗುವಾಗ ಅದನ್ನು ತಮ್ಮ ಡ್ರೈವರನಾಗಿದ್ದ ಅಮೀರ್ ಅಲಿಗೇ ಕೊಟ್ಟು ಹೋದರು. ಅಂದಿನಿಂದ ಅದು ಮದುವೆಯ ಕಾರು. ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ, ಆಚೆ ಚಿಂಚೋಳಿಯ ತನಕ ಯಾವ ಜಾತಿಯ ಮದುಮಗನಾದರೂ ಸರಿ, ಅದರ ಹಿಂದಿನ ಸೀಟಿನಲ್ಲಿ ಬೆವರುತ್ತ ಕೂತೇ ಮದುವೆಗೆ ಹೋಗಬೇಕು. ಮುಂದೆ ನಮ್ಮ ಬ್ಯಾಂಡು, ಹಿಂದೆ ಕಾರು. ಬ್ಯಾಂಡಿನ ಕೊನೆಯ ಸಾಲಿನಲ್ಲಿ ನಾನು. ಅಂದರೆ ಇಪ್ಪತ್ತು ವರ್ಷ ನನ್ನ ಬೆನ್ನಿಗೂ ಆ ಕಾರಿನ ಬಂಪರಿಗೂ ಒಂದು ಮೊಳದ ಅಂತರ. ಒಂದು ದಿನವಾದರೂ ಅದು ನನ್ನ ಧೋತರಕ್ಕೆ ತಾಗಿದ್ದಿಲ್ಲ.

ನಿಧಾನ ಓಡಿಸುವುದೇನು ಮಹಾ ಎನ್ನುವವರಿದ್ದಾರೆ. ಅಂಥವರು ಒಮ್ಮೆ ಕೂತು ತೋರಿಸಲಿ. ಬೇಸಿಗೆಯ ಬಿಸಿಲಿನಲ್ಲಿ, ಮನುಷ್ಯ ನಡೆಯುವುದಕ್ಕಿಂತ ಮೆಲ್ಲಗೆ, ಊರ ತುಂಬ ಅರ್ಧ ಕ್ಲಚ್ಚಿನಲ್ಲಿ ಸಾಗಬೇಕು. ಎಂಜಿನು ಕುದಿಯಬಾರದು, ಕಾರು ಜಗ್ಗಬಾರದು, ಮುಂದೆ ಕುಣಿಯುವ ಕುಡುಕ ಸೋದರಮಾವನ ಕಾಲ ಮೇಲೆ ಗಾಲಿ ಹೋಗಬಾರದು. ನಾವು ಮೆರವಣಿಗೆಯ ಧಾಟಿ ಎತ್ತಿಕೊಂಡರೆ ಸಾಕು, ಅಮೀರ್ ಅಲಿಯ ಬಲಗಾಲು ಆಕ್ಸಿಲರೇಟರಿನಿಂದ ತಾನೇ ಮೇಲೇಳುತ್ತಿತ್ತು. ಅವನು ಅದನ್ನು ಯೋಚಿಸಿ ಮಾಡುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಮ್ಮ ಕಡೆಗೂ ಅಂಬಾಸಡರ್ ಕಾರುಗಳು ಬಂದವು. ಗಣಿಯಲ್ಲಿ ನಾಲ್ಕು ಕಾಸು ಮಾಡಿದವರಿಗೆಲ್ಲ ಮಗನ ಮದುವೆಗೆ ಬಿಳಿ ಅಂಬಾಸಡರೇ ಬೇಕಾಯಿತು. ಅಮೀರ್ ಅಲಿಯ ಬಾಗಿಲಿಗೆ ಬರುವವರು ಕಡಿಮೆಯಾದರು. ಅದೇ ಹೊತ್ತಿಗೆ ವಾಡಿಯ ಹತ್ತಿರದ ಒಂದು ಕಲ್ಲಿನ ಕಂಪನಿ ತನ್ನ ಗಣಿಯವರಿಗಾಗಿ ಒಂದು ಅಂಬುಲೆನ್ಸ್ ತಂದಿತು. ನಮ್ಮ ಜನರ ಬಾಯಲ್ಲಿ ಅದು ದವಾಖಾನಿ ಗಾಡಿ. ಅದಕ್ಕೊಬ್ಬ ಡ್ರೈವರ್ ಬೇಕಾಗಿತ್ತು. ಅಮೀರ್ ಅಲಿ ಇಸ್ತ್ರಿ ಮಾಡಿದ ಶೇರವಾನಿ ಹಾಕಿಕೊಂಡು ಹೋಗಿ ಕೇಳಿದ. ಆ ನೌಕರಿ ಸಿಗದಿದ್ದರೆ ಕಾರನ್ನು ಗುಜರಿಯವನಿಗೆ ಕೊಟ್ಟು, ಸುಲೇಪೇಟದಲ್ಲಿರುವ ಅಳಿಯನ ಅಂಗಡಿಯಲ್ಲಿ ಗೋಣಿಚೀಲ ಎಣಿಸುತ್ತ ಕೂಡಬೇಕಿತ್ತು. ಸ್ಟೇರಿಂಗ್ ಹಿಡಿದ ಮನುಷ್ಯನಿಗೆ ಅದು ಸಾವಿಗಿಂತ ಏನೂ ಕಡಿಮೆಯಲ್ಲ.

ನೌಕರಿ ಕೊಡುವವರು ಗುಂಡೇರಾವ್ ಸಾಹೇಬರು, ಕಂಪನಿಯ ಗಾಡಿಗಳೆಲ್ಲ ಅವರ ಕೈಯಲ್ಲಿ. ಕೆಟ್ಟ ಮನುಷ್ಯರಲ್ಲ, ಆದರೆ ತಮ್ಮ ಮಾತಿಗೆ ನಾಲ್ಕು ಜನ ನಗಬೇಕು ಎನ್ನುವ ಚಟ. ಗ್ಯಾರೇಜಿನಲ್ಲಿ ಎಲ್ಲರ ಎದುರಿಗೆ, "ಅಮೀರ್ ಅಲಿ, ನೀ ದವಾಖಾನಿ ಗಾಡಿ ಹೊಡದ್ರ ಪೇಶಂಟು ಮುಟ್ಟೂದ್ರಾಗ ಮುದುಕ ಆಗಿರ್ತಾನಲ್ಲೋ!" ಎಂದರು. ಎಲ್ಲರೂ ನಕ್ಕರು. ಅಮೀರ್ ಅಲಿ ನಗಲಿಲ್ಲ.

"ಜೋರ್ ಹೊಡಿಲಿಕ್ಕ ಬರ್ತದ್ರಿ ಸಾಬ್. ಮೆರವಣಿಗ್ಯಾಗ ಯಾರೂ ಕೇಳಿಲ್ಲ, ಅದಕ್ಕ ಹೊಡದಿಲ್ಲ," ಎಂದ.

"ಹಂಗಾದ್ರ ಈ ಸಲ ನಮ್ಮ ರೇಸಿಗಿ ಬಾ. ಬಂದೇನವಾಜನ ಫೋರ್ಡ್ ಗಾಡಿ ಹಿಂದ ಹಾಕು. ಹಾಕಿದ್ಯಂದ್ರ ನೌಕರಿ ನಿಂದು. ಇಲ್ಲಂದ್ರ ಮದುವಿ ಗಾಡಿನೇ ಹೊಡ್ಕೊಂಡಿರು."

ಆ ರೇಸಿನ ಹುಚ್ಚು ಹಚ್ಚಿದವರೂ ಗುಂಡೇರಾವ್ ಸಾಹೇಬರೇ. ಕಲ್ಲು ಮುಗಿದು ಬಿಟ್ಟುಹೋದ ಒಂದು ಹಳೆಯ ಗಣಿಗೆ ಹೋಗುವ ರಸ್ತೆ ನೂಲು ಹಿಡಿದಂತೆ ನೇರವಾಗಿತ್ತು. ಅದರ ಮೇಲೆ ಎರಡು ಹಳೆಯ ಕಾರುಗಳನ್ನು ಪಕ್ಕಪಕ್ಕ ನಿಲ್ಲಿಸಿ, ಬಾವುಟ ಬೀಳಿಸಿದ ಕೂಡಲೇ ಬಿಡುವುದು. ತಿರುವಿಲ್ಲ, ಸುತ್ತಿಲ್ಲ. ಕಾಲು ಮೈಲಿಯ ಆಚೆ ಸುಣ್ಣದಲ್ಲಿ ಎಳೆದ ಗೆರೆಯನ್ನು ಯಾರು ಮೊದಲು ದಾಟುತ್ತಾರೋ ಅವರು ಗೆದ್ದಂತೆ. ಒಂದೊಂದು ಜೋಡಿ ಎರಡು ಸಲ ಓಡಬೇಕು. ಒಬ್ಬೊಬ್ಬರು ಒಂದೊಂದು ಸಲ ಗೆದ್ದರೆ ಮೂರನೆಯ ಓಟ. ಇಷ್ಟೇ ಆಟ. ಇನ್ನೊಂದು ಕಟ್ಟುನಿಟ್ಟಿನ ನಿಯಮವಿತ್ತು: ಕಾರು ಫ್ಯಾಕ್ಟರಿಯಿಂದ ಹೇಗೆ ಬಂದಿತ್ತೋ ಹಾಗೇ ಇರಬೇಕು, ಏನೂ ಸೇರಿಸಿರಬಾರದು, ಏನೂ ಬದಲಿಸಿರಬಾರದು.

ಈ ನಿಯಮ ಕೇಳಿ ನಮ್ಮ ಕಡೆಯ ಕಾರಿನವರೆಲ್ಲ ತಲೆಯ ಮೇಲೆ ಕೈ ಹೊತ್ತರು. ನಮ್ಮಲ್ಲಿ ಫ್ಯಾಕ್ಟರಿಯಿಂದ ಬಂದ ಹಾಗೇ ಉಳಿದ ಕಾರು ಎಲ್ಲಿಂದ ಬರಬೇಕು? ಒಂದಕ್ಕೆ ಲಾರಿಯ ರೇಡಿಯೇಟರು, ಇನ್ನೊಂದಕ್ಕೆ ಬಡಿಗ ಮಾಡಿದ ಬಾಗಿಲು. ಶಹಾಬಾದಿನ ಗಣಿ ಗುತ್ತಿಗೆದಾರ ಬಂದೇನವಾಜನ ಫೋರ್ಡಿಗೆ ಟ್ರ್ಯಾಕ್ಟರಿನ ದೀಪಗಳಿದ್ದವು. ಅವನು ಹೈದರಾಬಾದಿನ ಹಳೆಯ ಸಾಮಾನಿನ ಬಜಾರೆಲ್ಲ ಸೋಸಿ ನಿಜವಾದ ದೀಪ ತಂದು ಹಾಕಿದ. ಅಮೀರ್ ಅಲಿಯ ಕಾರಿನ ಎಂಜಿನು ಮಾತ್ರ ಕಂಪನಿ ಕೊಟ್ಟದ್ದೇ. ಹೆಚ್ಚಾಗಿ ಸೇರಿದ್ದೆಲ್ಲ ಮದುವೆಯ ಸಿಂಗಾರ. ಹೂಮಾಲೆ ಕಟ್ಟಲು ಬೆಸೆದ ಕೊಂಡಿಗಳು, ಬಾನೆಟ್ಟಿನ ಮೇಲಿನ ಹಿತ್ತಾಳೆಯ ನವಿಲು, ಕೆಂಪು ಮಕಮಲ್ಲಿನ ಪರದೆ. ಅವನ ಹೆಂಡತಿ ಇಮಾಮ್ಬೀ ಪರದೆಗಳನ್ನು ಒಗೆದು, ಮಡಚಿ, ಟ್ರಂಕಿನಲ್ಲಿಟ್ಟಳು. ಕೊಂಡಿಗಳನ್ನು ಅರದಿಂದ ಉಜ್ಜಿ ತೆಗೆದ ಮೇಲೆ ಕಾರು ಪೇಟ ತೆಗೆದ ಮದುಮಗನ ಹಾಗೆ ಕಾಣುತ್ತಿತ್ತು.

"ಹಿಂಗ ನೋಡ್ಲಿಕ್ಕ ನಂಗ ಮನಸ್ಸೇ ಬರಂಗಿಲ್ಲ," ಎಂದಳು ಇಮಾಮ್ಬೀ.

"ನೌಕರಿ ಸಿಗ್ಲಿ, ಮತ್ತ ಹಾಕೋಣಂತ," ಎಂದ ಅವನು.

ಅಭ್ಯಾಸಕ್ಕೆಂದು ಒಂದು ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಾಡಿಯ ಕಡೆಗೆ ಹೊರಟ. ರೈಲು ದಾರಿಯ ಪಕ್ಕದ ರಸ್ತೆಯಲ್ಲಿ ಒಂದು ಗೂಡ್ಸು ಗಾಡಿ ಜೊತೆಗೆ ಬಂತು. ಅಮೀರ್ ಅಲಿ ನನ್ನ ಮುಖ ನೋಡಿ ಸಣ್ಣಗೆ ನಕ್ಕು, ಬಲಗಾಲನ್ನು ಒತ್ತಿಯೇಬಿಟ್ಟ. ಇಪ್ಪತ್ತು ವರ್ಷ ಮೆರವಣಿಗೆಯಲ್ಲಿ ಉಸಿರು ಹಿಡಿದಿದ್ದ ಎಂಜಿನು ಒಮ್ಮೆಲೇ ಬಾಯಿ ಬಿಟ್ಟಿತು. ಗೂಡ್ಸು ಗಾಡಿಯ ಎಂಜಿನನ್ನೇ ಹಿಂದೆ ಹಾಕಿದೆವು. ನನ್ನ ಟೊಪ್ಪಿಗೆ ಕಿಟಕಿಯಿಂದ ಹಾರಿ ತೊಗರಿ ಹೊಲದಲ್ಲಿ ಬಿತ್ತು. ನಿಲ್ಲಿಸೋ ಮಾರಾಯ ಎಂದು ಕೂಗಿದೆ. ಒಳಗೊಳಗೆ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಫೋರ್ಡಿನ ಗತಿ ಮುಗಿಯಿತು ಎಂದುಕೊಂಡೆ.

ಸಂಕ್ರಾಂತಿ ಮುಗಿದ ಮೇಲಿನ ರವಿವಾರ ರೇಸು. ಸೇಡಂನಿಂದ, ಮಳಖೇಡದಿಂದ ಬಸ್ಸು ಹತ್ತಿ ಜನ ಬಂದಿದ್ದರು. ರಸ್ತೆಯ ಎರಡೂ ಬದಿ ಭಜಿ ಅಂಗಡಿ, ಕಬ್ಬಿನ ಹಾಲು. ಹಿಂದಿನ ವರ್ಷ ರೇಸು ಸಪ್ಪೆಯಾಯಿತೆಂದು ಸಾಹೇಬರ ಮನೆಯವರು ದೂರಿದ್ದರಂತೆ. ಅದಕ್ಕೆ ಈ ಸಲ ನಮ್ಮ ಬ್ಯಾಂಡನ್ನು ಕರೆಸಿದ್ದರು. ಬಾವುಟ ಬಿದ್ದ ಕೂಡಲೇ ಶುರುಮಾಡಬೇಕು, ಕಾರು ಗೆರೆ ಮುಟ್ಟುವ ತನಕ ನಿಲ್ಲಿಸಬಾರದು. ಹಿಲ್‌ಮನ್, ಮಾರಿಸ್ ಮುಂತಾದ ಸಣ್ಣ ಕಾರುಗಳ ಓಟಕ್ಕೆ ಗೊಲ್ಲಾಳಪ್ಪ ಮಾಸ್ತರರು ಏನೇನೋ ಸಿಪಾಯಿ ಧಾಟಿ ನುಡಿಸಿದರು. ಕೊನೆಗೆ ದೊಡ್ಡ ಕಾರುಗಳ ಜೋಡಿ ಬಂತು. ಒಂದು ಕಡೆ ಬಂದೇನವಾಜನ ಹಸಿರು ಫೋರ್ಡು, ಇನ್ನೊಂದು ಕಡೆ ಅಮೀರ್ ಅಲಿಯ ಶೆವರ್ಲೆಟ್. ನಮ್ಮ ಕಾರು ಬಂತೆಂದು ಹುರುಪಿನಲ್ಲಿ ಮಾಸ್ತರರು ಕೈ ಎತ್ತಿ ಮೆರವಣಿಗೆಯ ಧಾಟಿ ತೋರಿಸಿದರು. ಅದು ನಮ್ಮ ಬ್ಯಾಂಡಿನ ಅತ್ಯಂತ ಚಂದದ ಧಾಟಿ. ನನಗೂ ತಪ್ಪೆಂದು ಹೊಳೆಯಲಿಲ್ಲ. ಯಾರಿಗೂ ಹೊಳೆಯಲಿಲ್ಲ.

ರೇಲ್ವೆ ಶೆಡ್ಡಿನ ಲಾಲಪ್ಪ ಬಾವುಟ ಬೀಳಿಸಿದ. ಎರಡೂ ಕಾರು ಧೂಳೆಬ್ಬಿಸಿ ಹಾರಿದವು. ಶೆವರ್ಲೆಟ್ ಮೂತಿಯಷ್ಟು ಮುಂದೆಯೇ ಇತ್ತು. ನನ್ನ ಡೋಲು ಬಿತ್ತು, ಕಹಳೆಗಳು ಎದ್ದವು. ನೋಡನೋಡುತ್ತ ಶೆವರ್ಲೆಟ್ ತಣ್ಣಗಾಯಿತು. ಕೆಟ್ಟು ನಿಲ್ಲಲಿಲ್ಲ, ಜಗ್ಗಲಿಲ್ಲ. ಮದುಮಗನನ್ನು ಕೂರಿಸಿಕೊಂಡ ಗತ್ತಿನಲ್ಲಿ, ಮನುಷ್ಯ ನಡೆಯುವುದಕ್ಕಿಂತ ಮೆಲ್ಲಗೆ ಸಾಗತೊಡಗಿತು. ಫೋರ್ಡು ಗೆರೆ ದಾಟಿ, ತಿರುಗಿ ವಾಪಸು ಬಂದರೂ ಅಮೀರ್ ಅಲಿ ಇನ್ನೂ ಅರ್ಧ ದಾರಿಯಲ್ಲಿದ್ದ. ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದರ ಮೊಣಕೈ ಕಿಟಕಿಯ ಮೇಲೆ. ಮುಂದೆ ಕುಣಿಯುವವರು ಯಾರೂ ಇಲ್ಲದ್ದು ನೋಡಿದಾಗಲೇ ಅವನಿಗೆ ಎಚ್ಚರವಾದದ್ದು.

ಜನ ಬಿದ್ದು ಬಿದ್ದು ನಕ್ಕರು. ಯಾರೋ ಒಬ್ಬ ಓಡಿಹೋಗಿ ಹಿಂದಿನ ಕಿಟಕಿಯೊಳಗೆ ಇಣುಕಿ, "ಮದುಮಗ ಎಲ್ಲಿ ಹೋದ್ನಪ್ಪೋ?" ಎಂದು ಕೂಗಿದ. ಆ ಮನುಷ್ಯ ಯಾವ ಊರಿನವನೆಂದು ನಾನು ನೋಡಿಟ್ಟುಕೊಂಡೆ. ಕೈಯಲ್ಲಿದ್ದ ಡೋಲಿನ ಕೋಲು ಅವನ ತಲೆಗೇ ಹೋಗುವುದಿತ್ತು, ಮಾಸ್ತರರು ಹಿಡಿದುಕೊಂಡರು.

ಅಮೀರ್ ಅಲಿ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಿ ಇಳಿದ. ತನ್ನ ಬಲಗಾಲನ್ನೇ ನೋಡುತ್ತ ನಿಂತ. ಗುಂಡೇರಾವ್ ಸಾಹೇಬರು ಹತ್ತಿರ ಬಂದು ಬೆನ್ನು ತಟ್ಟಿದರು.

"ನಾ ಹೇಳಿದ್ನಿಲ್ಲೋ? ಇನ್ನೊಂದ್ ಓಟ ಬ್ಯಾಡ ಬಿಡು. ಯಾಕ ಸುಮ್ನ?"

ನಾನು ತಡೆಯಲಾರದೆ ನಡುವೆ ಬಾಯಿ ಹಾಕಿದೆ. "ಸಾಹೇಬ್ರ, ತಪ್ಪು ಬ್ಯಾಂಡಿಂದದ. ನಾವು ಬಾರಸಂಗಿಲ್ಲ, ನೀವು ಓಡಸ್ರಿ."

"ಬ್ಯಾಂಡ್ ಬೇಕೇ ಬೇಕು. ಜನ ಅದನ್ನೂ ನೋಡಾಕತ್ತಾರ," ಎಂದರು ಸಾಹೇಬರು. ಅವರಿಗೆ ಇನ್ನೊಮ್ಮೆ ನಗುವ ಆಸೆ ಇತ್ತೆಂದು ನನಗೆ ಅನುಮಾನ.

ಅಮೀರ್ ಅಲಿ ತಲೆ ಎತ್ತಿದ. "ಬ್ಯಾಂಡ್ ಇರ್ಲಿ, ಭಗವಂತ. ನಾಳಿ ದವಾಖಾನಿ ಗಾಡಿ ಎದುರಿಗಿ ಮದುವಿ ಬಂದ್ರ ಬ್ಯಾಂಡ್ ನಿಂದ್ರಸ್ರಿ ಅಂತ ಕೇಳ್ಲಿಕ್ಕ ಆಗ್ತದೇನು? ನಾ ಓಡ್ತೀನಿ."

ಹೇಳುವುದೇನೋ ಹೇಳಿದ. ಆದರೆ ಕಾರು ಹತ್ತುವಾಗ ಬಲತೊಡೆಗೆ ತಾನೇ ಒಂದು ಗುದ್ದು ಕೊಟ್ಟುಕೊಂಡ. ಹೆಂಗಸರ ಗುಂಪಿನಲ್ಲಿ ಇಮಾಮ್ಬೀ ಎದ್ದು ನಿಂತಿದ್ದಳು, ಸೆರಗಿನ ತುದಿ ಹಲ್ಲಿನಲ್ಲಿ. ನನಗೆ ಅಳುವೂ ಸಿಟ್ಟೂ ಕೂಡಿಯೇ ಬಂದವು. ಇಪ್ಪತ್ತು ವರ್ಷ ನನ್ನ ಬೆನ್ನು ಕಾಯ್ದ ಕಾಲು ಅದು. ಅದನ್ನು ಹಾಗೆ ಪಳಗಿಸಿದವರು ನಾವೇ, ಈಗ ಅದರಿಂದಲೇ ಅವನ ಮರ್ಯಾದೆ ಹೋಗುತ್ತಿದೆ.

ಆಗ ನನಗೆ ನೆನಪಾಯಿತು. ಮದುವೆಯಲ್ಲಿ ಆ ಕಾರು ಜೋರಾಗಿ ಓಡುವ ಹೊತ್ತೂ ಒಂದಿದೆ. ಬಿದಾಯಿ ಎನ್ನಿ, ಹೆಣ್ಣು ಕಳಿಸುವುದು ಎನ್ನಿ, ಆ ಹೊತ್ತಿಗೆ ನಾವು ಬೇರೆಯೇ ಧಾಟಿ ನುಡಿಸುತ್ತೇವೆ. ಮದುಮಗಳು ಹಿಂದಿನ ಸೀಟಿನಲ್ಲಿ ಅಳುತ್ತಿರುತ್ತಾಳೆ, ಅವ್ವ ಅಕ್ಕಂದಿರು ಕಿಟಕಿ ಹಿಡಿದುಕೊಂಡಿರುತ್ತಾರೆ. ಧಾಟಿ ಶುರುವಾದ ಕೂಡಲೇ ಅಮೀರ್ ಅಲಿ ಕಾರು ಬಿಟ್ಟನೆಂದರೆ ಊರ ಅಗಸಿಬಾಗಿಲು ದಾಟುವ ತನಕ ಉಸಿರು ಬಿಡುತ್ತಿರಲಿಲ್ಲ. ತಡ ಮಾಡಿದಷ್ಟೂ ಎರಡೂ ಕಡೆ ಎದೆ ಒಡೆಯುತ್ತದೆ ಎನ್ನುವುದು ಅವನ ಮಾತು. ಆಮೇಲೆ ದಾರಿಯಲ್ಲಿ ಸಿಗುವ ಮೊದಲ ಬಾವಿಯ ಹತ್ತಿರ ನಿಲ್ಲಿಸಿ, ಬಾಗಿಲು ತೆಗೆದು, ಮುಖ ತೊಳೆದುಕೋ ಮಗಳೇ ಎನ್ನುತ್ತಿದ್ದ. ತನ್ನ ಸ್ವಂತ ಮಗಳು ಹಮೀದಾಳನ್ನು ಸುಲೇಪೇಟಕ್ಕೆ ಕೊಟ್ಟಾಗಲೂ ಕಾರು ಓಡಿಸಿದವನು ಅವನೇ.

ಲಾಲಪ್ಪ ಮತ್ತೆ ಬಾವುಟ ಎತ್ತಿದ. ಮಾಸ್ತರರು ಯಾವುದೋ ಸಿಪಾಯಿ ಧಾಟಿಗೆ ಕೈ ತೋರಿಸುತ್ತಿದ್ದರು. ಬ್ಯಾಂಡಿನಲ್ಲಿ ಮಾಸ್ತರರದು ಹುಕುಮು, ಆದರೆ ಮೊದಲ ಪೆಟ್ಟು ಡೋಲಿನದು. ಡೋಲು ಹೇಗೆ ಬಿತ್ತೋ ಉಳಿದವರು ಹಾಗೆಯೇ ಹೋಗಬೇಕು. ಬಾವುಟ ಬಿತ್ತು. ನಾನು ಮಾಸ್ತರರ ಕಡೆ ನೋಡಲಿಲ್ಲ, ಹೆಣ್ಣು ಕಳಿಸುವ ಧಾಟಿಯ ಪೆಟ್ಟು ಹಾಕಿಬಿಟ್ಟೆ.

ಮಾಸ್ತರರು ಒಂದು ಕ್ಷಣ ನನ್ನನ್ನು ನುಂಗುವಂತೆ ನೋಡಿ, ಕಹಳೆ ಬಾಯಿಗಿಟ್ಟರು. ಶೆವರ್ಲೆಟ್ ಒಮ್ಮೆ ಗುಡುಗಿತು. ಆಮೇಲೆ ನಾನು ಕಂಡದ್ದು ಅದರ ಹಿಂದಿನ ಧೂಳು ಮಾತ್ರ. ಹೆಂಗಸರ ಗುಂಪಿನಲ್ಲಿ ಮೊದಲು ಒಬ್ಬ ಮುದುಕಿ ಬಿಕ್ಕಿದಳು. ಆ ಧಾಟಿ ಕೇಳಿ ನಮ್ಮ ಕಡೆಯ ಹೆಂಗಸರು ಅಳದೇ ಇರುವುದುಂಟೇ? ಒಬ್ಬೊಬ್ಬರಿಗೂ ತಾವು ತವರು ಬಿಟ್ಟ ದಿನವೋ ಮಗಳನ್ನು ಕಳಿಸಿದ ದಿನವೋ ನೆನಪಾಗಿರಬೇಕು. ರಸ್ತೆಯ ಉದ್ದಕ್ಕೂ ಸೆರಗು ಕಣ್ಣಿಗೆ ಹೋಯಿತು. ಸಾಹೇಬರ ಹೆಂಡತಿಯೂ ಕರವಸ್ತ್ರ ತೆಗೆದರು. ಆ ಅಳುವಿನ ನಡುವೆ ಶೆವರ್ಲೆಟ್ ಹಾರಿಹೋಗಿ, ಫೋರ್ಡನ್ನು ಎರಡು ಕಾರಿನಷ್ಟು ಹಿಂದೆ ಹಾಕಿ ಗೆರೆ ದಾಟಿತು.

ನಾನು ಡೋಲು ಬಿಟ್ಟು ಕುಣಿದೆ. ಇನ್ನು ಮೂರನೆಯ ಓಟ, ಅದೂ ನಮ್ಮದೇ! ಆದರೆ ಫೋರ್ಡು ತಿರುಗಿ ಬಂತು, ಶೆವರ್ಲೆಟ್ ಬರಲಿಲ್ಲ. ಗೆರೆಯ ಆಚೆ ರಸ್ತೆ ಎಡಕ್ಕೆ ಹೊರಳಿ ಹೊಲಗಳ ಕಡೆ ಹೋಗುತ್ತದೆ. ಕಾರು ಆ ಕಡೆ ಹೋಗಿ ಮರೆಯಾಯಿತು ಎಂದು ಜನ ಹೇಳಿದರು. ಕಾದೆವು. ಕಬ್ಬಿನ ಹಾಲಿನವನು ತನ್ನ ಗಾಣ ಕಟ್ಟಿ ಹೊರಡತೊಡಗಿದರೂ ಸುಳಿವಿಲ್ಲ. ಮೂರನೆಯ ಓಟಕ್ಕೆ ಹಾಜರಿಲ್ಲದವನು ಸೋತಂತೆ ಎಂದು ಲಾಲಪ್ಪ ನಿಯಮ ಹೇಳಿದ. ಬಂದೇನವಾಜನಿಗೆ ಗೆದ್ದವರ ಕಪ್ಪು ಕೊಟ್ಟರು. "ಇದು ಗೆದ್ದಂಗ ಅಲ್ರಿ," ಎಂದು ಅವನು ಗೊಣಗಿದ. ಆದರೂ ಇಸಿದುಕೊಂಡ.

ನೌಕರಿ ಹೋಯಿತು. ಗೆದ್ದ ಮೇಲೂ ಹೋಯಿತು. ಅಮೀರ್ ಅಲಿಗೆ ಏನಾಗಿದೆಯೋ ಎನ್ನುವ ಹೆದರಿಕೆ ಬೇರೆ. ಗುಂಡೇರಾವ್ ಸಾಹೇಬರೇ ಜೀಪು ತೆಗೆದರು. ಇಮಾಮ್ಬೀಯನ್ನೂ ಡೋಲಿನ ಸಮೇತ ನನ್ನನ್ನೂ ಹತ್ತಿಸಿಕೊಂಡು ಅವನ ಗಾಲಿಯ ಗುರುತು ಹಿಡಿದು ಹೋದರು.

ಜೋಳದ ಹೊಲದ ಅಂಚಿನಲ್ಲಿ ಒಂದು ಕಲ್ಲಿನ ಬಾವಿ. ಅದರ ಪಕ್ಕದಲ್ಲಿ ಶೆವರ್ಲೆಟ್ ನಿಂತಿತ್ತು. ಅಮೀರ್ ಅಲಿ ಅದರ ಹಿಂದಿನ ಬಾಗಿಲು ತೆರೆದು ಹಿಡಿದು, ಖಾಲಿ ಸೀಟು ನೋಡುತ್ತ ನಿಂತಿದ್ದ. ನಮ್ಮನ್ನು ಕಂಡು ನಾಚಿಕೊಂಡ.

"ಇಲ್ಲಿಗಿ ಬಂದು ಬಾಗ್ಲಾ ತೆಗದ ಮ್ಯಾಲೇ ಗೊತ್ತಾತ್ರಿ, ಒಳಗ ಯಾರೂ ಇಲ್ಲಂತ," ಎಂದ.

ಸಾಹೇಬರು ಜೀಪಿನಿಂದ ಇಳಿದರು. "ಮೂರನೇ ಓಟಕ್ಕ ನೀ ಇರ್ಲಿಲ್ಲ. ಕಪ್ಪು ಬಂದೇನವಾಜಗ ಹೋತು. ಗೆರಿ ದಾಟಿದ ಮ್ಯಾಲ ಯಾಕ ನಿಲ್ಲಲಿಲ್ಲೋ ಮಾರಾಯ?"

"ಹಿಂದ ಅಳ್ಳಿಕತ್ತಾಗ ಗೆರಿ ಯಾರು ನೋಡ್ತಾರ್ರಿ ಸಾಬ್? ಮುಟ್ಟಸೂ ಜಾಗಾ ಬರೂತನ ನಿಲ್ಲಬಾರದು."

ಸಾಹೇಬರು ಬಾವಿಕಟ್ಟೆಯ ಮೇಲೆ ಕೂತರು. ನಗಿಸುವ ಚಟ ಆ ಹೊತ್ತಿಗೆ ಅವರ ಮುಖದ ಮೇಲೆ ಕಾಣಲಿಲ್ಲ. ಆಮೇಲೆ ಕೇಳಿದರು, "ದವಾಖಾನಿ ಗಾಡ್ಯಾಗ ಬ್ಯಾಂಡ್ ಇರಂಗಿಲ್ಲ. ಅವಾಗ ಹೆಂಗ ಮಾಡ್ತಿ?"

"ಬ್ಯಾಂಡ್ ನಾ ಶುರುವಿಗಿ ಕೇಳಿದ್ದಷ್ಟೇರಿ. ಆಮ್ಯಾಲ ಕೇಳಿದ್ದು ಬರೇ ಅಳೂದು. ಅದು ಕಿವಿಗಿ ಬಿತ್ತಂದ್ರ ಕಾಲು ನನ್ನ ಮಾತು ಕೇಳಂಗಿಲ್ಲ."

ಜೋಳದ ಹೊಲದಲ್ಲಿ ಗುಬ್ಬಿ ಓಡಿಸುವವರ ಕೂಗು ಕೇಳುತ್ತಿತ್ತು. ಸಾಹೇಬರು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡರು.

"ನಾಳಿ ಮುಂಜಾನಿ ಗ್ಯಾರೇಜಿಗಿ ಬಾ. ಖಾಕಿ ಬಟ್ಟಿ ಅಳತಿ ಕೊಡು," ಎಂದರು. ಜೀಪು ಹತ್ತಿದರು. ಅವಸರದಲ್ಲಿ ನಮ್ಮನ್ನು ಅಲ್ಲಿಯೇ ಬಿಟ್ಟು ಹೋದರು.

ಅಮೀರ್ ಅಲಿ ಇನ್ನೂ ಬಾಗಿಲು ಹಿಡಿದೇ ನಿಂತಿದ್ದ. ನೌಕರಿ ಸಿಕ್ಕಿದ್ದು ಅವನ ತಲೆಗೆ ಇಳಿದಿರಲಿಲ್ಲವೇನೋ. ಇಮಾಮ್ಬೀ ಮುಂದೆ ಬಂದಳು. ಅಷ್ಟು ವರ್ಷ ಆ ಕಾರನ್ನು ತೊಳೆದಿದ್ದಳು, ಪರದೆ ಒಗೆದಿದ್ದಳು. ಮದುಮಕ್ಕಳ ಸೀಟೆಂದು ಹಿಂದೆ ಮಾತ್ರ ಒಮ್ಮೆಯೂ ಕೂತವಳಲ್ಲ. ಅವನು ತೆರೆದು ಹಿಡಿದ ಬಾಗಿಲಿನಿಂದ ಸೆರಗು ಸರಿಮಾಡಿಕೊಂಡು ಒಳಗೆ ಹತ್ತಿ, ಸೀಟಿನ ನಡುವೆ ನೆಟ್ಟಗೆ ಕೂತಳು. ನಾನು ಮುಂದಿನ ಸೀಟಿನಲ್ಲಿ ಡೋಲನ್ನು ತೊಡೆಯ ಮೇಲಿಟ್ಟುಕೊಂಡು ತೆಪ್ಪಗೆ ಕೂತೆ. ಅಮೀರ್ ಅಲಿ ಎಂಜಿನು ಶುರುಮಾಡಿ, ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದ.

"ಮೆಲ್ಲಗ ಹೊಡೀರಿ," ಎಂದಳು ಇಮಾಮ್ಬೀ. "ನಾ ಏನ್ ಅಳ್ಳಿಕತ್ತಿಲ್ಲ."